ಸೂರಿನ ಜನ ವಾಪಸ್ ತಂದ ಹಡಗು

ಮಸ್ಕತ್‌ನಿಂದ ಸೂರ್ ಪಟ್ಟಣಕ್ಕೆ ಕರಾವಳಿ ರಸ್ತೆಯಲ್ಲಿ ಹೆಚ್ಚುಕಡಿಮೆ 200 ಕಿಲೋಮೀಟರ್. ನಮ್ಮಲ್ಲಿ ತುಂಬಾ ಜನ ಆ ಕಡೆ ಸೈಟ್ ಕೆಲಸಕ್ಕೆ ಹೋಗಿಬಂದಿದ್ದೀರಿ. ಅಲ್ಲಿ ದಡದ ಮೇಲೆ ಒಂದು ದೊಡ್ಡ ಮರದ ಹಡಗು ನಿಂತಿರುವುದನ್ನೂ ನೋಡಿರುತ್ತೀರಿ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರೂ ಇದ್ದೀರಿ, ನಾನೂ ತೆಗೆಸಿಕೊಂಡಿದ್ದೇನೆ. ಅದರ ಕತೆ ನನಗೆ ಗೊತ್ತಾಗಿದ್ದು ಮಾತ್ರ ಆಮೇಲೆ. ಅದನ್ನು ನಿಮಗೂ ಹೇಳೋಣ ಎಂದು ಈ ಲೇಖನ.

ಹಡಗಿನ ಹೆಸರು ಫತಹ್ ಅಲ್ ಖೈರ್. 1951ರಲ್ಲಿ ಸೂರಿನಲ್ಲೇ ಕಟ್ಟಿದ್ದು. 20 ಮೀಟರಿಗಿಂತ ಉದ್ದ, ಸುಮಾರು 300 ಟನ್. ಈ ಜಾತಿಯ ಹಡಗಿಗೆ ಇಲ್ಲಿಯವರು ‘ಗಂಜಾ’ ಎನ್ನುತ್ತಾರೆ. ಮೂತಿಯ ತುದಿಯಲ್ಲಿ ಎಸಳಿನಂಥ ಕೆತ್ತನೆ, ಹಿಂಭಾಗ ಚಪ್ಪಟೆಯಾಗಿ ಅಗಲ, ಅದರ ಮೇಲೂ ಕೆತ್ತನೆ. ನಮ್ಮ ಪಶ್ಚಿಮ ಕರಾವಳಿಯ ‘ಕೋಟಿಯಾ’ ಹಡಗು ಇದರ ಹತ್ತಿರದ ಸಂಬಂಧಿ.

ಸೂರಿನ ಹಡಗುಗಳು ಮಳೆಗಾಳಿಯ ಲೆಕ್ಕದಲ್ಲಿ ಓಡಿದವು. ಈಶಾನ್ಯದ ಗಾಳಿ ಹಿಡಿದು ಆಫ್ರಿಕಾದ ಜಂಜಿಬಾರ್ ಕಡೆಗೆ ಹೋಗುವುದು, ಗಾಳಿ ತಿರುಗಿದ ಮೇಲೆ ವಾಪಸ್ ಬರುವುದು. ನಮ್ಮ ಮಲಬಾರ್, ಕೆನರಾ ಕರಾವಳಿಗೂ ಬಂದು ಹೋಗುವುದು. ಇಲ್ಲಿ ಹಡಗು ಕಟ್ಟುವಂಥ ಮರ ಬೆಳೆಯುವುದಿಲ್ಲ. ಹಾಗಾಗಿ ತೇಗ ನಮ್ಮ ಕಡೆಯ ಘಟ್ಟದಿಂದ, ತೆಂಗಿನ ನಾರಿನ ಹಗ್ಗವೂ ನಮ್ಮ ಕಡೆಯಿಂದ. ಊಟದ ಅಕ್ಕಿಯೂ ಅಷ್ಟೆ. ಕೆಳದಿ ನಾಯಕರ ಕಾಲದಲ್ಲಿ ಬಸ್ರೂರು, ಮಂಗಳೂರು ಬಂದರುಗಳಿಂದ ಮಸ್ಕತ್‌ಗೆ ಅಕ್ಕಿ ಹೋಗುತ್ತಿತ್ತು. ಟಿಪ್ಪು ಸುಲ್ತಾನ್ ಮಸ್ಕತ್‌ನಲ್ಲಿ ತನ್ನದೇ ವ್ಯಾಪಾರದ ಕೋಠಿ ಇಟ್ಟಿದ್ದ. ನಾವು ಇಲ್ಲಿಗೆ ಬಂದ ಮೊದಲನೆಯವರಲ್ಲ ಅಂತ ಇದರಿಂದ ಗೊತ್ತಾಗುತ್ತದೆ.

ಈ ವ್ಯಾಪಾರದಲ್ಲಿ ಒಳ್ಳೆಯದು ಮಾತ್ರ ಇರಲಿಲ್ಲ. ಆಫ್ರಿಕಾದಿಂದ ಗುಲಾಮರನ್ನು ತುಂಬಿ ತಂದ ಹಡಗುಗಳೂ ಇದೇ ದಾರಿಯಲ್ಲಿ ಬಂದವು. 1873ರ ಒಪ್ಪಂದದಲ್ಲಿ ಅದನ್ನು ನಿಷೇಧಿಸಿದರು. ಅದಕ್ಕೂ ಮೊದಲೇ, 1861ರಲ್ಲಿ, ಒಮಾನ್ ಮತ್ತು ಜಂಜಿಬಾರ್ ಬೇರೆ ಬೇರೆ ರಾಜ್ಯಗಳಾಗಿದ್ದವು. ಆಮೇಲೆ ಹೊಗೆಹಡಗುಗಳು ಬಂದು ಸರಕು ಕಿತ್ತುಕೊಂಡವು. ಆದರೂ ಹಾಯಿ ಹಡಗುಗಳು ಒಂದೇ ಸಲಕ್ಕೆ ನಿಲ್ಲಲಿಲ್ಲ. ಫತಹ್ ಅಲ್ ಖೈರ್ ಕಟ್ಟಿದ್ದೇ 1951ರಲ್ಲಿ ಎಂದರೆ ಯೋಚಿಸಿ. ಕೊನೆಗೆ ಇಂಜಿನ್, ರಸ್ತೆ, ಎಣ್ಣೆಯ ದುಡ್ಡು ಎಲ್ಲ ಬಂದಮೇಲೆ ಹಳೇ ಹಡಗುಗಳಿಗೆ ಕೆಲಸ ಉಳಿಯಲಿಲ್ಲ. ಕೆಲವು ದಡದಲ್ಲೇ ಕೊಳೆತವು, ಕೆಲವನ್ನು ಮಾರಿದರು. ಫತಹ್ ಅಲ್ ಖೈರ್ ಕೂಡ ಕೈ ಬದಲಾಗಿ ಯೆಮನ್ ಸೇರಿತು.

1993ರಲ್ಲಿ ಸೂರಿನ ಜನ ತಾವೇ ದುಡ್ಡು ಒಟ್ಟುಮಾಡಿ ಅದನ್ನು ಯೆಮನ್‌ನಿಂದ ಕೊಂಡು ವಾಪಸ್ ಊರಿಗೆ ತಂದರು. ಅಷ್ಟು ದೊಡ್ಡ ಕೆಲಸಕ್ಕೆ ಬೇಕಾದ ಹಣ ಒಬ್ಬ ಸಾಹುಕಾರನ ಕೈಯಿಂದ ಬಂದಿದ್ದಲ್ಲ, ಊರಿನವರ ಕೊಡುಗೆಯಿಂದ ಬಂದಿದ್ದು. ನನಗೆ ಈ ಕತೆಯಲ್ಲಿ ಹಿಡಿಸಿದ್ದು ಇದೇ.

ತಂದರೆ ಮುಗಿಯಲಿಲ್ಲ. ಮರದ ಹಡಗನ್ನು ಉಳಿಸುವುದು ಹೇಗೆ ಅಂತ ನಾನು ಇಲ್ಲಿನ ಹಡಗುಕಟ್ಟೆಯಲ್ಲಿ ನಿಂತು ನೋಡಿದ್ದೇನೆ, ಕೆಲಸದವರನ್ನು ಕೇಳಿದ್ದೇನೆ. ಅವರಲ್ಲಿ ಹಲವರು ನಮ್ಮ ದೇಶದವರೇ. ಕೈಯಲ್ಲಿ ಸ್ವಲ್ಪವೇ ದುಡ್ಡಿರುವಾಗ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದೇ ಮುಖ್ಯ. ಎಲ್ಲರಿಗೂ ಮೊದಲು ಬಣ್ಣ ಬಳಿಯುವ ಆಸೆ. ಅದು ಕೊನೆಯ ಕೆಲಸ.

ಮೊದಲು ಹಡಗಿನ ಬೆನ್ನೆಲುಬಿಗೆ, ಅಂದರೆ ತಳದ ಉದ್ದ ತೊಲೆಗೆ, ಸರಿಯಾಗಿ ಆಧಾರ ಕೊಡಬೇಕು. ನೀರಿನಲ್ಲಿ ಇರುವಾಗ ಸಮುದ್ರ ಅದನ್ನು ಎಲ್ಲ ಕಡೆಯಿಂದ ಎತ್ತಿ ಹಿಡಿದಿರುತ್ತದೆ. ದಡಕ್ಕೆ ಎಳೆದು ಎರಡೇ ಕಡೆ ಮರದ ತುಂಡು ಇಟ್ಟರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಎರಡನೆಯದು ಮಳೆನೀರು. ಉಪ್ಪುನೀರಿಗಿಂತ ಸಿಹಿನೀರು ಮರಕ್ಕೆ ಕೆಟ್ಟದ್ದು, ಒಳಗೆ ನಿಂತರೆ ಬೂಸ್ಟು ಹಿಡಿದು ಕೊಳೆಯುತ್ತದೆ. ಒಳಗೆ ಗಾಳಿ ಆಡಬೇಕು. ಇಷ್ಟಕ್ಕೆ ಹೆಚ್ಚು ದುಡ್ಡು ಬೇಡ, ಗಮನ ಬೇಕು. ಆಮೇಲೆ ಕೊಳೆತ ಹಲಗೆ ತೆಗೆದು ಅಷ್ಟು ಮಾತ್ರ ಹೊಸದು ಹಾಕುವುದು. ಬಿಸಿಲಿಗೆ ಹಲಗೆ ಕುಗ್ಗಿ ಸಂದು ಬಿಡುತ್ತದೆ. ಅದಕ್ಕೆ ಎಣ್ಣೆಯಲ್ಲಿ ನೆನೆಸಿದ ಹತ್ತಿ ತುರುಕಿ ಉಳಿಯಿಂದ ಬಡಿಯುತ್ತಾರೆ. ಹಳೇ ಕಾಲದಲ್ಲಿ ಮೇಲ್ಭಾಗಕ್ಕೆ ಮೀನೆಣ್ಣೆ, ನೀರೊಳಗಿನ ಭಾಗಕ್ಕೆ ಸುಣ್ಣ ಮತ್ತು ಪ್ರಾಣಿ ಕೊಬ್ಬು ಕಲಸಿ ಹಚ್ಚುತ್ತಿದ್ದರು.

ಇನ್ನೊಂದು ವಿಷಯ ನಮ್ಮ ಎಲೆಕ್ಟ್ರಿಷಿಯನ್ ಕಸುಬಿಗೆ ಹತ್ತಿರದ್ದು. ಹಿಂದೆ ಅರಬ್ ಹಡಗುಗಳನ್ನು ನಾರಿನ ಹಗ್ಗದಲ್ಲಿ ಹೊಲಿಯುತ್ತಿದ್ದರು. ಪೋರ್ಚುಗೀಸರು ಬಂದ ಮೇಲೆ ಕಬ್ಬಿಣದ ಮೊಳೆ ಹೆಚ್ಚಾಯಿತು. ಮೊಳೆ ತುಕ್ಕು ಹಿಡಿದು ಉಬ್ಬಿದರೆ ಸುತ್ತಲಿನ ಮರ ಕಪ್ಪಾಗಿ ಪುಡಿಯಾಗುತ್ತದೆ. ರಿಪೇರಿ ಮಾಡುವವರು ಗಟ್ಟಿಯಾಗಿರಲಿ ಅಂತ ಅದರ ಪಕ್ಕದಲ್ಲೇ ತಾಮ್ರದ ಮೊಳೆ ಹೊಡೆದರೆ ಇನ್ನೂ ಅನಾಹುತ. ಉಪ್ಪುನೀರು, ಕಬ್ಬಿಣ, ತಾಮ್ರ ಸೇರಿದರೆ ಅದು ಬ್ಯಾಟರಿಯೇ. ಐಟಿಐ ಮೊದಲ ವರ್ಷದಲ್ಲಿ ಗಾಜಿನ ಲೋಟದಲ್ಲಿ ಮಾಡಿದ ಸೆಲ್ ನೆನಪಿದೆಯಲ್ಲ? ಇಲ್ಲಿ ಕಬ್ಬಿಣ ಕರಗಿಹೋಗುತ್ತದೆ. ಬ್ರಿಟಿಷ್ ನೌಕಾಪಡೆ ಈ ಪಾಠ ಕಲಿತದ್ದು 1760ರ ದಶಕದಲ್ಲಿ. ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ 1761ರಲ್ಲಿ ತಾಮ್ರದ ತಗಡು ಹೊದಿಸಿದರು. ಎರಡು ವರ್ಷದ ಮೇಲೆ ನೋಡಿದರೆ ಕಬ್ಬಿಣದ ಮೊಳೆಗಳು ಸವೆದುಹೋಗಿದ್ದವು. ತಗಡು ಸುತ್ತಿಬಂದಿದ್ದ ಕಂದು ಕಾಗದ ಎಲ್ಲಿ ಮಧ್ಯೆ ಉಳಿದಿತ್ತೋ ಅಲ್ಲಿನ ಮೊಳೆ ಮಾತ್ರ ಚೆನ್ನಾಗಿತ್ತು. ಕಾಗದ ಇನ್ಸುಲೇಶನ್ ಆಗಿ ಕೆಲಸ ಮಾಡಿತ್ತು! ವಿದ್ಯುತ್ತಿನ ಬ್ಯಾಟರಿ ಕಂಡುಹಿಡಿಯುವ ಮೊದಲಿನ ಮಾತು ಇದು.

ಇಷ್ಟೆಲ್ಲ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಾನು ಗಂಗೊಳ್ಳಿಯವನು. ನಮ್ಮ ಅಜ್ಜಯ್ಯ ಮಂಜಿಯಲ್ಲಿ ದುಡಿದವರು. ಮಂಜಿ ಅಂದರೆ ನಮ್ಮ ಕಡೆಯ ಹಾಯಿಯ ಸರಕು ಹಡಗು. ಮಳೆಗಾಲ ಬಂದರೆ ದಡಕ್ಕೆ ಎಳೆದು ಮಡಲಿನ ಚಪ್ಪರ ಹಾಕುವುದು, ನೂಲ ಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಬಿಟ್ಟ ಮೇಲೆ ಇಳಿಸುವುದು. ಅವರು ದುಡಿದ ಆ ಮಂಜಿ ಎಲ್ಲಿಗೆ ಹೋಯಿತು ಅಂತ ಚಿಕ್ಕವನಿದ್ದಾಗ ಕೇಳಿದ್ದೆ. “ಹೋಯ್ತ್ ಮಗಾ, ಒಲಿಗ್ ಹೋಯ್ತ್” ಅಂದರು. ಹೊಳೆಬದಿಯಲ್ಲಿ ಕೆಲವು ವರ್ಷ ಬಿದ್ದಿದ್ದದ್ದನ್ನು ಒಡೆದು ಸೌದೆಗೆ ಮಾರಿದ್ದರಂತೆ. ತಪ್ಪು ಯಾರದ್ದೂ ಅಲ್ಲ. ಹೊಟ್ಟೆಗೆ ಬೇಕಾದಾಗ ಇತಿಹಾಸ ಯಾರಿಗೆ ಬೇಕು? ಆವತ್ತು ಅಜ್ಜಯ್ಯ ನಗುತ್ತಲೇ ಹೇಳಿದ್ದರು. ಆದರೆ ಆ ಹೊಳೆಬದಿಗೆ ಅವರು ಮತ್ತೆ ಹೋಗುತ್ತಿರಲಿಲ್ಲ ಅಂತ ಅಪ್ಪ ಹೇಳುತ್ತಿದ್ದರು.

ಸೂರಿನಲ್ಲಿ ಆ ಹಡಗಿನ ಪಕ್ಕ ನಿಂತಾಗ ನನಗೆ ಇದೇ ನೆನಪಾಗಿದ್ದು. ಸೂರಿನವರ ಕೈಯಲ್ಲಿ ದುಡ್ಡು ಬಂದಾಗ ಹಡಗು ಇನ್ನೂ ಎಲ್ಲೋ ಉಳಿದಿತ್ತು. ನಮ್ಮ ಮನೆಗೆ ಗಲ್ಫ್ ದುಡ್ಡು ಬರುವ ಹೊತ್ತಿಗೆ ಮಂಜಿ ಬೂದಿಯಾಗಿತ್ತು.

ವಿಷಯ ಪೂರ್ತಿ ಮುಗಿದಿದೆ ಎಂದೂ ಅಲ್ಲ. 2025ರ ಮೇ ತಿಂಗಳಲ್ಲಿ ಹಳೇ ರೀತಿಯಲ್ಲಿ ಹಗ್ಗದಿಂದ ಹೊಲಿದ ‘ಕೌಂಡಿನ್ಯ’ ಎಂಬ ಹಾಯಿ ಹಡಗು ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಅದನ್ನು ಹೊಲಿದವರು ಕೇರಳದ ಕುಶಲಕರ್ಮಿಗಳು. ಕೈ ಗೊತ್ತಿರುವವರು ಇನ್ನೂ ಇದ್ದಾರೆ ಎಂದಾಯಿತು.

ಅಜ್ಜಯ್ಯನ ಮಂಜಿಯದ್ದು ಒಂದೇ ಒಂದು ವಸ್ತು ನಮ್ಮ ಮನೆಯಲ್ಲಿ ಉಳಿದಿದೆ. ಹಾಯಿ ಎತ್ತುವ ಮರದ ಕಪ್ಪಿ. ವರ್ಷಗಟ್ಟಲೆ ಬಾವಿಯಲ್ಲಿ ನೀರು ಸೇದಿತು. ಪಂಪ್ ಹಾಕಿದ ಮೇಲೆ (ವೈರಿಂಗ್ ಮಾಡಿದವನು ನಾನೇ) ಕೊಟ್ಟಿಗೆಯ ಮೂಲೆಗೆ ಬಿತ್ತು. ಹೋದ ವಾರ ತಮ್ಮನಿಗೆ ಫೋನ್ ಮಾಡಿ ಅದನ್ನು ತೆಗೆದು ಒರೆಸಿ, ಎಣ್ಣೆ ಹಚ್ಚಿ, ಒಣಗಿದ ಜಾಗದಲ್ಲಿ ಇಡಲು ಹೇಳಿದೆ. “ಬಣ್ಣ ಹೊಡೀಲಾ ಅಣ್ಣಾ?” ಅಂತ ಕೇಳಿದ. ಬೇಡ ಅಂದೆ.

ನಿಮ್ಮ ಮನೆಯಲ್ಲೂ ಇಂಥದ್ದೇನಾದರೂ ಇರಬಹುದು. ಏತದ ಮರವೋ, ಗಾಣದ ತುಂಡೋ, ಮಗ್ಗದ ಲಾಳಿಯೋ. ಈ ಸಲ ರಜೆಗೆ ಹೋದಾಗ ಒಮ್ಮೆ ಅಟ್ಟ ಹತ್ತಿ ನೋಡಿ.