ಡಮಾಮಿಗೆ ಇಸವಿ ಇಲ್ಲ

ಡಬ್ಲಿನ್ನಿನ ವ್ಹಿಪ್ಪಿಂಗ್ ಬಾಯ್ ಎಂಬ ರಾಕ್ ತಂಡ 1988ರಲ್ಲಿ ಹುಟ್ಟಿ 1998ರಲ್ಲಿ ಚದುರಿತು. ಅದರ 1995ರ ‘ಹಾರ್ಟ್‌ವರ್ಮ್’ ಆಲ್ಬಮ್ಮನ್ನು ವಿಮರ್ಶಕರು ಮೆಚ್ಚಿದರು, ಕೊಂಡವರು ಕಡಿಮೆ. ಆಲ್ಬಮ್ ತಂದ ಕಂಪನಿಯೂ ತಂಡವನ್ನು ಕೈಬಿಟ್ಟಿತು. ಹತ್ತೇ ವರ್ಷದ ಆಯಸ್ಸಾದರೂ ಅದರ ಚರಿತ್ರೆ ಬರೆಯುವುದು ಕಷ್ಟವಲ್ಲ. ಹೆಸರು, ಇಸವಿ, ಧ್ವನಿಮುದ್ರಣ ಎಲ್ಲವೂ ಇವೆ. ಆದರೆ ಉತ್ತರ ಕನ್ನಡದ ಹಳಿಯಾಳ, ಮುಂಡಗೋಡ, ಜೋಯಿಡಾ ಕಡೆಯ, ಆಫ್ರಿಕ ಮೂಲದ ಸಿದ್ದಿಗಳು ತಲೆಮಾರುಗಳಿಂದ ಬಾರಿಸುತ್ತ ಬಂದ ಡಮಾಮಿ ಎಂಬ ವಾದ್ಯಕ್ಕೆ ಹುಟ್ಟಿದ ವರ್ಷವೂ ಇಲ್ಲ, ಮೊದಲ ವಾದಕನ ಹೆಸರೂ ಇಲ್ಲ. ದಾಖಲೆ ಇಲ್ಲದ್ದನ್ನು ಕಾಲವೇ ಇಲ್ಲದ್ದೆಂದು ಎಣಿಸಿ, ‘ಆಫ್ರಿಕದ ಪಳೆಯುಳಿಕೆ’ ಎಂದು ಹೇಳಿ ಮುಗಿಸುವುದು ರೂಢಿಯಾಗಿಬಿಟ್ಟಿದೆ. ದಾಂಡೇಲಿಗೆ ಬರುವ ಪ್ರವಾಸಿಗಳಿಗೂ ಸಿಗುವುದು ಹೆಚ್ಚಾಗಿ ಈ ಮಾತೇ. ಇದು ಡಮಾಮಿಗೆ ಮಾಡುವ ಅನ್ಯಾಯ. ಅದರ ಚರಿತ್ರೆಯ ಬಹುಪಾಲು ನಡೆದದ್ದು ಇದೇ ನೆಲದಲ್ಲಿ.

ಹೆಸರನ್ನೇ ನೋಡೋಣ. ಪಾರಸಿಯಲ್ಲಿ ದಮಾಮಾ ಎಂದರೆ ನಗಾರಿ. ಸಿದ್ದಿಗಳು ಬಂದ ಒಂದು ದಾರಿ ದಖ್ಖನ್ನಿನದು. ಅಲ್ಲಿ ಹಬಶಿಗಳು, ಎಂದರೆ ಆಫ್ರಿಕ ಮೂಲದವರು, ಬರೀ ಆಳುಗಳಾಗಿ ಉಳಿದವರಲ್ಲ. 1626ರಲ್ಲಿ ತೀರಿಕೊಂಡ ಅಹ್ಮದ್‌ನಗರದ ಮಲಿಕ್ ಅಂಬರ್, ಬಿಜಾಪುರದ ಇಖ್ಲಾಸ್ ಖಾನ್ ರಾಜ್ಯಭಾರವನ್ನೇ ನಡೆಸಿದವರು. ಇನ್ನೊಂದು ದಾರಿ ಗೋವೆಯದು. ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಘಟ್ಟ ಹತ್ತಿ ಈ ಕಡೆಯ ಕಾಡು ಸೇರಿದರು, ಜೋಯಿಡಾ ಗೋವೆಯ ಗಡಿಗೇ ತಾಗಿಕೊಂಡಿದೆಯಲ್ಲ. ಎರಡೂ ದಾರಿಗಳ ಗುರುತು ಇಂದಿಗೂ ಕಾಣುತ್ತದೆ. ಹಳಿಯಾಳದ ಕಡೆ ಕ್ರೈಸ್ತ, ಮುಸ್ಲಿಂ ಸಿದ್ದಿಗಳು ಹೆಚ್ಚು, ಯಲ್ಲಾಪುರದ ಕಡೆ ಹಿಂದೂಗಳು. ಮನೆಮಾತು ಬಹುಮಟ್ಟಿಗೆ ಕೊಂಕಣಿ. ದೇವರು ಬೇರೆ ಬೇರೆ, ಡಮಾಮಿ ಮಾತ್ರ ಎಲ್ಲರದು.

ಹೆಸರು ಪಾರಸಿಯದಾದರೂ ವಾದ್ಯ, ಲಯ, ಕುಣಿತ ಆಫ್ರಿಕದವೇ ಅಲ್ಲವೇ ಎಂದು ಕೇಳಬಹುದು. ಹೆಸರೊಂದರಿಂದಲೇ ವಾದ್ಯದ ಹುಟ್ಟು ತೀರ್ಮಾನವಾಗದು, ಒಪ್ಪುತ್ತೇನೆ. ಆಫ್ರಿಕದ ನೆನಪನ್ನು ಅಲ್ಲಗಳೆಯುವ ಅಗತ್ಯವೂ ಇಲ್ಲ. ಆದರೆ ಅಲ್ಲಿಂದ ಬಂದವರು ಒಂದೇ ಊರಿನವರಲ್ಲ, ಒಂದೇ ಭಾಷೆಯವರಲ್ಲ, ಒಂದೇ ಶತಮಾನದಲ್ಲಿ ಬಂದವರೂ ಅಲ್ಲ. ಇವರೆಲ್ಲರ ಪಾಲಿಗೂ ಸಲ್ಲುವ ಒಂದು ವಾದ್ಯ ಇಡಿಯಾಗಿ ಹಡಗೇರಿ ಬಂತೆಂದು ನಂಬುವುದು ಕಷ್ಟ. ಒಬ್ಬರ ಮಾತು ಒಬ್ಬರಿಗೆ ತಿಳಿಯದವರು ಇಲ್ಲಿ ಕೂಡಿದಾಗ, ಮಾತಿಗಿಂತ ಮೊದಲು ತಾಳ ಹೊಂದಿರಬೇಕು ಎನ್ನುವುದೇ ನನಗೆ ಸರಿ ಕಾಣುತ್ತದೆ. ಸರ್ಕಾರ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಮೂರು ಧರ್ಮಗಳ ಈ ಜನ ಒಂದೇ ಕುಲದವರೆಂಬುದನ್ನು ಡಮಾಮಿ ಅದಕ್ಕೂ ಎಷ್ಟೋ ಮೊದಲೇ ಬಾರಿಸಿ ಹೇಳುತ್ತಿತ್ತು.