ಸತ್ತ ರೈಲಿನ ಬೆನ್ನ ಮೇಲೆ ಸೈಕಲ್ ಸವಾರಿ: ಆನ್ಸಿ ಸರೋವರದ ಕಥೆ

ಇವತ್ತಿನ ಸಂಚಿಕೆಯಲ್ಲಿ ಫ್ರಾನ್ಸ್‌ಗೆ ಹೋಗೋಣ. ಪ್ಯಾರಿಸ್‌ಗಲ್ಲ, ಆಲ್ಪ್ಸ್ ಬೆಟ್ಟಗಳ ನಡುವೆ ಇರುವ ಆನ್ಸಿ ಅನ್ನೋ ಊರಿಗೆ. ಊರಿಗೆ ಅಂಟಿಕೊಂಡೇ ಒಂದು ಸರೋವರ ಇದೆ. ಉದ್ದ ಸುಮಾರು 14 ಕಿಲೋಮೀಟರ್. ನೀರು ಎಷ್ಟು ತಿಳಿ ಅಂದ್ರೆ, ದಡದಲ್ಲಿ ನಿಂತರೆ ತಳದ ಕಲ್ಲು ಎಣಿಸಬಹುದು. ಅದರ ಪಶ್ಚಿಮ ದಡದಲ್ಲಿ ಒಂದು ಸೈಕಲ್ ದಾರಿ ಇದೆ. ಕಾರು, ಬೈಕು, ಬಸ್ಸು ಯಾವುದೂ ಅಲ್ಲಿಗೆ ಬರೋ ಹಾಗಿಲ್ಲ.

ನಾನು ಅಲ್ಲಿ ಬಾಡಿಗೆಗೆ ಒಂದು ಸೈಕಲ್ ತಗೊಂಡು ಹೊರಟೆ. ಸುತ್ತ ಎಲ್ಲಿ ನೋಡಿದ್ರೂ ಬೆಟ್ಟ. ಕಾಲು ಸೋತು ಹೋಗುತ್ತೆ ಅಂತ ಹೆದರಿದ್ದೆ. ಆದರೆ ಒಂದು ಗಂಟೆ ತುಳಿದರೂ ಏರು ಅನ್ನೋದು ಸಿಗಲೇ ಇಲ್ಲ. ತಿರುವುಗಳೆಲ್ಲ ಉದ್ದುದ್ದ, ನಿಧಾನ. ನನ್ನ ಮುಂದೆ ಏಳೆಂಟು ವರ್ಷದ ಮಕ್ಕಳು, ಹಿಂದೆ ಎಪ್ಪತ್ತು ದಾಟಿದ ಅಜ್ಜ–ಅಜ್ಜಿ, ಎಲ್ಲರೂ ಆರಾಮಾಗಿ ಹೋಗ್ತಿದ್ರು. ಸೈಕಲ್ ಸವಾರರಿಗೋಸ್ಕರ ಎಷ್ಟು ಚೆನ್ನಾಗಿ ಯೋಚನೆ ಮಾಡಿ ಕಟ್ಟಿದ್ದಾರಪ್ಪ ಅಂದುಕೊಂಡೆ.

ನನ್ನ ಲೆಕ್ಕ ತಪ್ಪಾಗಿತ್ತು. ಆ ದಾರಿಯನ್ನು ಕಟ್ಟಿದ್ದು ಸೈಕಲ್‌ಗೆ ಅಲ್ಲ, ಉಗಿಬಂಡಿಗೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಆನ್ಸಿ ಇರೋದು ಸವಾಯ್ ಪ್ರಾಂತ್ಯದಲ್ಲಿ. ಇದು ಫ್ರಾನ್ಸ್‌ಗೆ ಸೇರಿದ್ದೇ 1860ರಲ್ಲಿ. ಆರು ವರ್ಷದಲ್ಲಿ, ಅಂದ್ರೆ 1866ಕ್ಕೆ, ಊರಿಗೆ ರೈಲು ಬಂತು. ಸರೋವರದ ಪಶ್ಚಿಮ ದಡ ಹಿಡಿದು ಆಲ್ಬರ್‌ವಿಲ್ ಪಟ್ಟಣಕ್ಕೆ ಹೋಗುವ ಹಳಿ ಶುರುವಾಗಿದ್ದು 1901ರಲ್ಲಿ. ಉದ್ದ ಸುಮಾರು 45 ಕಿಲೋಮೀಟರ್. ಸೆವ್ರಿಯೆ, ಸ್ಯಾಂ–ಜೋರಿಯೋ, ದುಯಾಂ, ದುಸಾರ್ ಅಂತ ದಡದ ಹಳ್ಳಿಗಳನ್ನೆಲ್ಲ ದಾಟಿಕೊಂಡು ರೈಲು ಹೋಗ್ತಿತ್ತು.

ಇಲ್ಲೊಂದು ಸಣ್ಣ ತಾಂತ್ರಿಕ ವಿಷಯ. ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರಕ್ಕೆ ಹಿಡಿತ ಕಡಿಮೆ. ಹಾಗಾಗಿ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಎರಡು ಮೂರು ಮೀಟರ್ ಮೇಲೇರಬೇಕು ಅಂದರೂ ಭಾರ ಎಳೆಯುವ ಉಗಿಬಂಡಿ ಏದುಸಿರು ಬಿಡುತ್ತೆ. ಅದಕ್ಕೇ ಎಂಜಿನಿಯರುಗಳು ದಿಬ್ಬ ಕಡಿದು, ತಗ್ಗು ತುಂಬಿ, ದಾರಿಯನ್ನು ಆದಷ್ಟು ಮಟ್ಟ ಮಾಡ್ತಿದ್ರು. ದುಯಾಂ ಹಳ್ಳಿಯಲ್ಲಿ ಬೆಟ್ಟದ ಮೂಗು ನೀರಿನವರೆಗೂ ಚಾಚಿಕೊಂಡಿದೆ. ಅಲ್ಲಿ ಬೆಟ್ಟವನ್ನೇ ಕೊರೆದು ಸುಮಾರು 200 ಮೀಟರ್ ಸುರಂಗ ಮಾಡಿದರು. ಇವತ್ತು ನಾವು ಸೈಕಲ್‌ನಲ್ಲಿ ಹೋಗೋದು ಅದೇ ಸುರಂಗದಲ್ಲಿ. ಉರಿಬಿಸಿಲಿನಿಂದ ಒಳಗೆ ಹೊಕ್ಕಾಗ ಮೈಗೆ ತಟ್ಟನೆ ಚಳಿ ಹತ್ತುತ್ತೆ. ನನ್ನ ಮೊಣಕಾಲು ಉಳಿಸಿದ್ದು ನೂರಿಪ್ಪತ್ತು ವರ್ಷ ಹಿಂದಿನ ಆ ಕೂಲಿಗಳ ಗುದ್ದಲಿ.

ಈಗ ಒಂದು ಪ್ರಶ್ನೆ. ರೈಲು ಬಂದಾಗಲೂ ಸೈಕಲ್ ಇತ್ತಲ್ವಾ? ಇತ್ತು. ಗಾಳಿ ತುಂಬಿದ ಟೈರನ್ನು ಡನ್‌ಲಪ್ ತಂದಿದ್ದು 1888ರಲ್ಲಿ. ಸೈಕಲ್ ಪ್ರವಾಸಿಗರು ಸೇರಿ 'ಟೂರಿಂಗ್ ಕ್ಲಬ್ ದ ಫ್ರಾನ್ಸ್' ಕಟ್ಟಿದ್ದು 1890ರಲ್ಲಿ. ಆದರೆ ಆಗ ವಾಹನ ಇಲ್ಲದ ದಾರಿಯ ಅಗತ್ಯ ಇವತ್ತಿನಷ್ಟು ಇರಲಿಲ್ಲ. ಯಾಕಂದ್ರೆ ಆಗ ರಸ್ತೆಗಳೇ ಖಾಲಿ. ಧೂಳಿತ್ತು, ಕಲ್ಲಿತ್ತು, ಎತ್ತಿನ ಬಂಡಿ, ಕುದುರೆ ಗಾಡಿ ಇತ್ತು. ಕಾರು ಅನ್ನೋದು ಅಪರೂಪದ ಪ್ರಾಣಿ. ಸರೋವರದ ಸುತ್ತಲಿನ ಎಲ್ಲ ರಸ್ತೆಯೂ ಸೈಕಲ್ ದಾರಿಯೇ ಆಗಿತ್ತು.

ಆಮೇಲೆ ಬಸ್ಸು, ಲಾರಿ, ಕಾರು ಬಂದವು. ರೈಲಿನ ಪ್ರಯಾಣಿಕರು ಕಡಿಮೆಯಾದರು. 1936ರಲ್ಲಿ ಫ್ರಾನ್ಸ್‌ನ ಕಾರ್ಮಿಕರಿಗೆ ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಕೊಡುವ ಕಾನೂನು ಬಂತು. ಜನ ಸೈಕಲ್ ಹತ್ತಿ ಸಮುದ್ರ, ಬೆಟ್ಟ ನೋಡೋಕೆ ಹೊರಟರು. ಎರಡೇ ವರ್ಷಕ್ಕೆ, 1938ರಲ್ಲಿ, ಈ ಹಳಿಯ ಮೇಲಿನ ಪ್ರಯಾಣಿಕರ ರೈಲು ನಿಂತುಹೋಯಿತು. ಮುಂದೆ ಗೂಡ್ಸ್ ರೈಲೂ ಹೋಯಿತು. ಕೊನೆಗೆ ಹಳಿ ಕಿತ್ತರು.

ಈ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸೋದು ಇಲ್ಲಿಂದ ಮುಂದಿನದು. ಸರೋವರದ ಪಕ್ಕ ಕಿಲೋಮೀಟರ್‌ಗಟ್ಟಲೆ ಮಟ್ಟಸವಾದ ಜಾಗ ಖಾಲಿ ಬಿದ್ದಿದೆ ಅಂದ್ರೆ ಏನಾಗಬಹುದು, ನೀವೇ ಯೋಚಿಸಿ. ತುಂಡು ತುಂಡು ಮಾಡಿ ಮಾರಿದ್ರೆ ಬಂಗಾರದ ಬೆಲೆ. ಮಧ್ಯದಲ್ಲಿ ಹತ್ತು ಸೈಟು ಹೋದರೂ ಸಾಕು, ದಾರಿ ಅಲ್ಲಿಗೆ ಮುಗೀತು.

ಹಾಗಾಗಲಿಲ್ಲ. ಕಾರಣ ಹುಡುಕುತ್ತಾ ಹೋದರೆ ನಾವು ಹೋಗಿ ನಿಲ್ಲೋದು ಚರಂಡಿ ನೀರಿನ ಹತ್ತಿರ. 1950ರ ದಶಕದ ಹೊತ್ತಿಗೆ ದಡದ ಊರುಗಳ ಕೊಳಚೆಯೆಲ್ಲ ಸರೋವರಕ್ಕೆ ಸೇರ್ತಿತ್ತು, ನೀರು ಕೆಡುತ್ತಿತ್ತು. ಪಾಲ್–ಲೂಯಿ ಸರ್ವೆತಾಜ್ ಅನ್ನೋ ವೈದ್ಯರು ಇದರ ಬಗ್ಗೆ ಊರೂರಿನ ಮೇಯರ್‌ಗಳ ಬೆನ್ನು ಬಿದ್ದರು. ಒಂದೂರು ಮಾತ್ರ ಸ್ವಚ್ಛವಾದರೆ ಪ್ರಯೋಜನ ಇಲ್ಲ, ನೀರಿಗೆ ಗಡಿ ಗೊತ್ತಿಲ್ಲ. ಅದಕ್ಕೇ 1957ರಲ್ಲಿ ದಡದ ಊರುಗಳು ಸೇರಿ ಒಂದು ಒಕ್ಕೂಟ ಮಾಡಿಕೊಂಡವು. 1960ರ ದಶಕದಲ್ಲಿ ಸರೋವರದ ಸುತ್ತ ಕೊಳವೆ ಹಾಕೋ ಕೆಲಸ ಶುರುವಾಯಿತು. ಕೊಳಚೆ ಸರೋವರಕ್ಕೆ ಬೀಳದೆ, ಊರಿನ ಕೆಳಗಡೆ ಇರುವ ಶುದ್ಧೀಕರಣ ಘಟಕಕ್ಕೆ ಹೋಗುವ ಹಾಗೆ ಮಾಡಿದರು. ಇಂಥ ಪ್ರಯತ್ನಗಳಲ್ಲಿ ಯುರೋಪಿನಲ್ಲೇ ಇದು ಮೊದಮೊದಲಿನದು.

ದಡ ಯಾರೊಬ್ಬರದೂ ಅಲ್ಲ, ಎಲ್ಲರದು ಅನ್ನೋ ಅಭ್ಯಾಸ ಆ ಊರುಗಳಿಗೆ ಬಂದಿದ್ದು ಹೀಗೆ ಅಂತ ನನಗನ್ನಿಸುತ್ತೆ. ಹಳಿ ಕಿತ್ತ ಜಾಗ ಹಂತ ಹಂತವಾಗಿ ಸೈಕಲ್ ದಾರಿಯಾಯಿತು. ಕೊಳಚೆ ತಡೆಯೋಕೆ ಹುಟ್ಟಿದ ಅದೇ ಒಕ್ಕೂಟ ಮುಂದೆ ಈ ದಾರಿಯ ಉಸ್ತುವಾರಿಯನ್ನೂ ನೋಡಿಕೊಂಡಿತು. ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅಂತಾರಲ್ಲ, ಆ ರೈಲಿಗೆ ಸರಿಯಾಗಿ ಒಪ್ಪೋ ಮಾತು.

ಇನ್ನು ಪೂರ್ವ ದಡ. ಅಲ್ಲಿ ತಾಲ್ವಾರ್ ಅನ್ನೋ ಹಳ್ಳಿ ಇದೆ. ರೈಲು ಬರೋಕೆ ಐದು ವರ್ಷ ಮುಂಚೆ, 1896ರಲ್ಲಿ, ಚಿತ್ರಕಾರ ಸೆಜಾನ್ ಅಲ್ಲಿ ಕೂತು ಎದುರು ದಡದ ದುಯಾಂ ಕೋಟೆಯನ್ನು ಬಿಡಿಸಿದ್ದ. ಪೂರ್ವ ದಡದಲ್ಲಿ ಬೆಟ್ಟ ಕಡಿದಾಗಿದೆ, ಈ ಹಳಿ ಆ ಕಡೆ ಹೋಗಲೇ ಇಲ್ಲ. ಹಳಿ ಇಲ್ಲದ ಕಡೆ ಬಿಟ್ಟುಹೋಗೋಕೂ ಏನೂ ಇರಲಿಲ್ಲ. ಸರೋವರ ಪೂರ್ತಿ ಸುತ್ತಬೇಕು ಅಂದ್ರೆ ಸುಮಾರು 40 ಕಿಲೋಮೀಟರ್. ನಾನು ಹೋದಾಗ ಪೂರ್ವದಲ್ಲಿ ಸೈಕಲ್ ದಾರಿ ತುಂಡು ತುಂಡಾಗಿತ್ತು. ಉಳಿದ ಕಡೆ ಏರು, ಕಿರಿದಾದ ರಸ್ತೆ, ಮೊಣಕೈ ಪಕ್ಕದಲ್ಲೇ ಕಾರುಗಳು. ಬೆಳಗ್ಗೆ ನೋಡಿದ ಆ ಮಕ್ಕಳು, ಅಜ್ಜ–ಅಜ್ಜಿ, ಒಬ್ಬರೂ ಈ ಕಡೆ ಕಾಣಲಿಲ್ಲ. 2009ರ ಜುಲೈನಲ್ಲಿ ಟೂರ್ ದ ಫ್ರಾನ್ಸ್ ಇದೇ ಸರೋವರದ ಸುತ್ತ 40.5 ಕಿಲೋಮೀಟರ್ ಓಟ ಇಟ್ಟಿತ್ತು, ಗೆದ್ದಿದ್ದು ಕಾಂಟಡೋರ್. ಅವತ್ತು ಪೂರ್ವದ ರಸ್ತೆಯೂ ಸೈಕಲ್‌ಗಳದ್ದೇ ಆಗಿತ್ತು, ಓಟ ಮುಗಿಯುವವರೆಗೆ.

ಕೊನೆಗೊಂದು ಕಹಿ ಮಾತು. ಈ ದಾರಿ ಚಂದ ಅಂತ ಹೇಳುವಾಗ ಕಳಕೊಂಡದ್ದನ್ನೂ ಹೇಳಬೇಕು. ಇವತ್ತು ಆನ್ಸಿಯಿಂದ ಆಲ್ಬರ್‌ವಿಲ್‌ಗೆ ನೇರ ರೈಲಿಲ್ಲ. ರೈಲಲ್ಲೇ ಹೋಗ್ತೀನಿ ಅಂದ್ರೆ ಎಕ್ಸ್–ಲೆ–ಬ್ಯಾಂ, ಶಾಂಬೆರಿ ಎಲ್ಲ ಸುತ್ತಿಕೊಂಡು ಹೋಗಬೇಕು. ಹಾಗಾಗಿ ಜನ ಕಾರು ತೆಗೀತಾರೆ. ಬೇಸಿಗೆಯಲ್ಲಿ ಸೈಕಲ್ ದಾರಿಯ ಪಕ್ಕದ ರಸ್ತೆಯಲ್ಲಿ ಕಾರುಗಳು ಆಮೆಯ ಹಾಗೆ ಸಾಗುತ್ತವೆ. ಸೈಕಲ್ ಮೇಲಿದ್ದ ನಾನು ಅವನ್ನು ದಾಟಿ ಮುಂದೆ ಹೋದೆ. ಖುಷಿ ಆಯ್ತು, ಸುಳ್ಳು ಹೇಳಲ್ಲ. ಆದರೆ ದಿನಾ ಕೆಲಸಕ್ಕೆ ಹೋಗೋರಿಗೆ ಆ ರೈಲು ಇದ್ದಿದ್ದರೆ?

ಸ್ಯಾಂ–ಜೋರಿಯೋದಲ್ಲಿ ಹಳೇ ಸ್ಟೇಷನ್ ಕಟ್ಟಡ ಇನ್ನೂ ಇದೆ. ಅದರ ಮುಂದೆ ಸೈಕಲ್ ನಿಲ್ಲಿಸಿ ನೀರು ಕುಡಿದೆ. ಹಳಿ ಇದ್ದ ಜಾಗದಲ್ಲಿ ಒಂದು ಮಗು ಮೊದಲ ಸಲ ಯಾರೂ ಹಿಡಿಯದೆ ಸೈಕಲ್ ತುಳೀತಿತ್ತು. ಅಪ್ಪ ಹಿಂದೆ ಓಡ್ತಿದ್ದ. ಕಾರು ಬಂತೇನೋ ಅಂತ ಅವನು ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ.