ಎತ್ತು ಸತ್ತರೆ ಫಿರಂಗಿಗೇನು ಬೆಲೆ?

ಹೋದ ಭಾನುವಾರ ಗೆಳೆಯರ ಜೊತೆ ಕರೀಘಟ್ಟ ಹತ್ತಿದ್ದೆ. ಮೇಲೆ ನಿಂತರೆ ಕಾವೇರಿ, ಅದಕ್ಕೆ ಬಂದು ಸೇರುವ ಲೋಕಪಾವನಿ, ಆಚೆ ಶ್ರೀರಂಗಪಟ್ಟಣ, ಎಲ್ಲಾ ಅಂಗೈ ಮೇಲಿಟ್ಟ ಹಾಗೆ ಕಾಣುತ್ತೆ. "1791ರಲ್ಲಿ ಕಾರ್ನ್‌ವಾಲಿಸ್ ಇಲ್ಲಿವರೆಗೂ ಬಂದು, ಕೋಟೆಗೆ ಮುತ್ತಿಗೆಯನ್ನೇ ಹಾಕದೆ ವಾಪಸ್ ಹೋದ, ಗೊತ್ತಾ?" ಅಂದೆ. "ಯಾಕೆ, ಸೋತನಾ?" ಅಂತ ಒಬ್ಬ ಕೇಳಿದ. "ಇಲ್ಲ, ಗೆದ್ದಿದ್ದ. ಆದ್ರೆ ಎತ್ತುಗಳು ಸತ್ತು ಹೋದವು."

ಎಲ್ಲರೂ ನಕ್ಕರು. ಆದರೆ ನಾನು ತಮಾಷೆ ಮಾಡಿರಲಿಲ್ಲ. ಹಾಗಾಗಿ ಈ ಬರಹ :)

ನನ್ನ ಹೊಟ್ಟೆಪಾಡು ಗೋದಾಮು, ಲಾರಿ, ಸರಕುಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಬರೆಯೋದು. ಲಾಜಿಸ್ಟಿಕ್ಸ್, ಸಪ್ಲೈ ಚೈನ್ ಅಂತ ದೊಡ್ಡ ದೊಡ್ಡ ಹೆಸರು. ಒಳಗಿರೋದು ಮಾತ್ರ ಮೂರೇ ಪ್ರಶ್ನೆ. ಏನು ಬೇಕು, ಎಲ್ಲಿ ಬೇಕು, ಅಲ್ಲಿಗೆ ತಲುಪಿಸೋಕೆ ಎಷ್ಟು ಖರ್ಚಾಗುತ್ತೆ? ಈ ಮೂರನೇ ಪ್ರಶ್ನೆಯೇ ಕಾರ್ನ್‌ವಾಲಿಸನನ್ನು ಕಾಡಿದ್ದು. (ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನೋ ಜಗಳ ಇಲ್ಲಿ ಬೇಡ. ಇದು ಎತ್ತುಗಳ ಕಥೆ.)

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ಅಂಕಿಗಳು ಬರೀ ಉದಾಹರಣೆಗೆ. ಒಂದು ಎತ್ತು 80 ಕಿಲೋ ಧಾನ್ಯ ಹೊರುತ್ತೆ ಅಂದುಕೊಳ್ಳಿ. ಅದಕ್ಕೆ ದಿನಕ್ಕೆ 2 ಕಿಲೋ ಬೇಕು, ಹೊಡೆದುಕೊಂಡು ಹೋಗುವವನಿಗೆ 1 ಕಿಲೋ. ಹತ್ತು ದಿನದ ದಾರಿ. ಹೋಗೋಕೆ 30, ಬರೋಕೆ 30, ಒಟ್ಟು 60 ಕಿಲೋ ದಾರಿಯಲ್ಲೇ ಖಾಲಿ! ತಲುಪೋದು ಬರೀ 20. ದಾರಿ ಹದಿಮೂರು-ಹದಿನಾಲ್ಕು ದಿನದ್ದಾದರೆ ತಲುಪೋದು ಹೆಚ್ಚುಕಡಿಮೆ ಸೊನ್ನೆ. ಅದೇ ದಾರಿಬದಿಯಲ್ಲಿ ಹುಲ್ಲು ಇದ್ದು ಎತ್ತು ಮೇಯ್ದುಕೊಂಡು ಹೋದರೆ? ಖರ್ಚು 20, ತಲುಪೋದು 60. ಬರೀ ಹುಲ್ಲಿನಿಂದ ಮೂರು ಪಟ್ಟು ವ್ಯತ್ಯಾಸ. ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಮುಂದೆ ಓದಿ.

ಕಾರ್ನ್‌ವಾಲಿಸ್ 1791ರ ಮಾರ್ಚ್ 21ರಂದು ಬೆಂಗಳೂರು ಕೋಟೆ ಹಿಡಿದ. ಮೇ ಮೊದಲ ವಾರ ಶ್ರೀರಂಗಪಟ್ಟಣದ ಕಡೆ ಹೊರಟ. ನೇರವಾದ ಚನ್ನಪಟ್ಟಣದ ದಾರಿಯಲ್ಲಿ ಟಿಪ್ಪುವಿನ ಕಾವಲು ಇದ್ದಿದ್ದರಿಂದ ಕನಕಪುರದ ಸುತ್ತು ದಾರಿ ಹಿಡಿದ. ಸೈನಿಕರಿಗಿಂತ ಹಲವು ಪಟ್ಟು ಜನ ಹಿಂಬಾಲಕರು, ಜೊತೆಗೆ ನಿಜಾಮನ ಕುದುರೆ ಪಡೆ. ಕೋಟೆ ಒಡೆಯುವ ಒಂದೊಂದು ದೊಡ್ಡ ಫಿರಂಗಿ ಎಳೆಯೋಕೂ ಹತ್ತಾರು ಜೊತೆ ಎತ್ತು ಬೇಕು, ಏರು ಬಂದರೆ ಹಿಂದಿನಿಂದ ಆನೆ ತಳ್ಳಬೇಕು.

ಟಿಪ್ಪು ಏನು ಮಾಡಿದ? ದಾರಿಯುದ್ದಕ್ಕೂ ಊರು ಖಾಲಿ ಮಾಡಿಸಿದ, ಕಾಳುಕಡ್ಡಿ ಸಾಗಿಸಿದ, ಮೇವು ಸುಡಿಸಿದ. ಮೇಲಿನ ಲೆಕ್ಕದಲ್ಲಿ 60 ಇದ್ದದ್ದನ್ನು 20 ಮಾಡಿದ, ಅಷ್ಟೇ. ಆ ಊರುಗಳ ರೈತರ ಗತಿ ಏನಾಯ್ತು ಅನ್ನೋದನ್ನ ಮಾತ್ರ ಯಾರೂ ವಿವರವಾಗಿ ಬರೆದಿಡಲಿಲ್ಲ.

ಸುಮಾರು ಹತ್ತು ದಿನ ನಡೆದು ಸೈನ್ಯ ಅರಕೆರೆ ತಲುಪಿತು. ಮೇ 15ರ ಯುದ್ಧದಲ್ಲಿ ಟಿಪ್ಪುವಿನ ಸೈನ್ಯ ಹಿಂದೆ ಸರಿದು ದ್ವೀಪ ಸೇರಿಕೊಂಡಿತು. ಗೆಲುವೇನೋ ಸಿಕ್ಕಿತು. ಆದರೆ ಹೊತ್ತಿಗೆ ಮುಂಚೆ ಮಳೆ, ಹೊಳೆಯಲ್ಲಿ ನೀರು, ಎತ್ತುಗಳು ಸಾಲುಸಾಲಾಗಿ ಸಾಯುತ್ತಿದ್ದವು. ಮಲಬಾರಿನಿಂದ ಬಂದು ಪಿರಿಯಾಪಟ್ಟಣದಲ್ಲಿದ್ದ ಅಬರ್‌ಕ್ರಾಂಬಿಯ ಸೈನ್ಯವನ್ನು ಕೂಡಿಕೊಳ್ಳೋಣ ಅಂತ ಕನ್ನಂಬಾಡಿ ಕಡೆ ಹೊರಟರೆ, ಫಿರಂಗಿಗಳನ್ನು ಸೈನಿಕರೇ ಕೈಯಲ್ಲಿ ಎಳೆಯಬೇಕಾಯ್ತು. ಕೊನೆಗೆ ಮೇ 22ರಂದು ಆ ದೊಡ್ಡ ಫಿರಂಗಿಗಳನ್ನೆಲ್ಲ ಕಾರ್ನ್‌ವಾಲಿಸ್ ತಾನೇ ನಾಶ ಮಾಡಿಸಿದ. (ಆ ಹಳೇ ಕನ್ನಂಬಾಡಿ ಆಮೇಲೆ ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿತು.)

ಇನ್ನೂ ತಮಾಷೆ ಮುಂದಿದೆ. ವಾಪಸ್ ಹೊರಟ ಸೈನ್ಯಕ್ಕೆ ಮೇಲುಕೋಟೆ ಕಡೆಯಿಂದ ಕುದುರೆ ಸವಾರರು ಕಂಡರು. ಶತ್ರುಗಳು ಅಂದುಕೊಂಡರೆ ಅವರು ಮರಾಠರು, ಇವರದೇ ಮಿತ್ರರು! ಹರಿಪಂತ ಫಡಕೆ ಮತ್ತು ಪರಶುರಾಮ ಭಾವೂ ಅವರ ಪಡೆ. ಅವರ ಜೊತೆಗಿದ್ದ ಸಂತೆಯಲ್ಲಿ ಅಕ್ಕಿಯಿಂದ ಹಿಡಿದು ಕಾಶ್ಮೀರದ ಶಾಲುಗಳವರೆಗೆ ಎಲ್ಲವೂ ಇತ್ತು, ಬೆಲೆ ಮಾತ್ರ ಆಕಾಶಕ್ಕೆ. ಅವರು ಬರುತ್ತಿರುವ ಸುದ್ದಿ ಹೊತ್ತ ಕಾಗದಗಳನ್ನು ಟಿಪ್ಪುವಿನ ಕುದುರೆ ಸವಾರರು ದಾರಿಯಲ್ಲೇ ಹಿಡಿದಿದ್ದರು. ನಾಲ್ಕೈದು ದಿನ ಮುಂಚೆ ಆ ಸುದ್ದಿ ಸಿಕ್ಕಿದ್ದರೆ?

ಇದನ್ನ ಓದಿದಾಗ ನನಗೆ ನನ್ನ ಮೊದಲ ಪ್ರಾಜೆಕ್ಟ್ ನೆನಪಾಯ್ತು. ಪಕ್ಕದ ಗೋದಾಮಿನಲ್ಲೇ ಸರಕು ಇತ್ತು. ನಾನು ಬರೆದಿದ್ದ ಪ್ರೋಗ್ರಾಂ ಆ ಗೋದಾಮಿನ ಲೆಕ್ಕವನ್ನೇ ಓದದೆ ತೆರೆಯ ಮೇಲೆ ಸೊನ್ನೆ ತೋರಿಸಿತು. ದುಬಾರಿ ಬೆಲೆಗೆ ಹೊಸದಾಗಿ ತರಿಸಿದರು. ಇದ್ದೂ ಗೊತ್ತಿಲ್ಲದ ಸರಕು ಇಲ್ಲದ ಸರಕಿಗೆ ಸಮ. ಬೈಸಿಕೊಂಡು ಕಲಿತ ಪಾಠ ಅದು.

ಕಾರ್ನ್‌ವಾಲಿಸ್ ಕೂಡ ಕಲಿತ. ಮತ್ತೆ ನೇರವಾಗಿ ನುಗ್ಗಲಿಲ್ಲ. ಬೆಂಗಳೂರನ್ನು ಉಗ್ರಾಣ ಮಾಡಿಕೊಂಡ. ದಾರಿ ಕಾಯುವ ಬೆಟ್ಟದ ಕೋಟೆಗಳನ್ನು ಒಂದೊಂದಾಗಿ ಹಿಡಿದ. ಅಕ್ಟೋಬರ್‌ನಲ್ಲಿ ನಂದಿ, ಡಿಸೆಂಬರ್‌ನಲ್ಲಿ ಸಾವನದುರ್ಗ. ಎಲ್ಲಕ್ಕಿಂತ ಮುಖ್ಯವಾಗಿ, ಧಾನ್ಯ ತರುವ ಕೆಲಸಕ್ಕೆ ಬ್ರಿಂಜಾರಿಗಳನ್ನು ಹಿಡಿದ. ಯಾರು ಈ ಬ್ರಿಂಜಾರಿಗಳು? ನಮ್ಮ ಲಂಬಾಣಿಗಳೇ. ಸಾವಿರಾರು ಹೇರೆತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು, ಹೆಂಡತಿ ಮಕ್ಕಳ ಸಮೇತ ದೇಶ ಸುತ್ತುತ್ತಿದ್ದವರು. ಅವರ ಎತ್ತುಗಳು ದಾರಿಯಲ್ಲೇ ಮೇಯುತ್ತಿದ್ದವು. ಎಲ್ಲಿ ನೀರಿದೆ, ಎಲ್ಲಿ ಹುಲ್ಲಿದೆ ಅನ್ನೋದು ಅವರಿಗೆ ಬಾಯಿಪಾಠ. ಅಂದರೆ 60 ಕಿಲೋ ತಲುಪಿಸುವ ಲೆಕ್ಕ ಗೊತ್ತಿದ್ದವರು. ಲಾಭ ಮತ್ತು ರಕ್ಷಣೆ ಸಿಗುತ್ತೆ ಅಂದರೆ ಯಾವ ಸೈನ್ಯಕ್ಕಾದರೂ ತಂದು ಮಾರುತ್ತಿದ್ದರು. 1792ರ ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಮತ್ತೆ ಬಂದಾಗ ಸೈನ್ಯದ ಹೊಟ್ಟೆ ತುಂಬಿತ್ತು. ಮಾರ್ಚ್‌ನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿದ.

ಹಾಗಂತ ಮೈಸೂರಿಗೆ ಈ ಲೆಕ್ಕ ಗೊತ್ತಿರಲಿಲ್ಲ ಅಂತಲ್ಲ. ನಿಜ ಹೇಳಬೇಕಂದ್ರೆ ಚೆನ್ನಾಗಿ ಗೊತ್ತಿದ್ದದ್ದೇ ಮೈಸೂರಿಗೆ. ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ'ಯ ದನಗಳನ್ನು ಹೈದರ್ ಫಿರಂಗಿ ಎಳೆಯೋಕೆ ಬಳಸಿದ, ಟಿಪ್ಪು 'ಅಮೃತ ಮಹಲ್' ಅಂತ ಹೆಸರಿಟ್ಟ. ಅವುಗಳಿಗೆ ಮೇಯೋಕೆ ಅಂತಲೇ ರಾಜ್ಯದುದ್ದಕ್ಕೂ ಕಾವಲುಗಳು. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ ಪೆಟ್ರೋಲ್ ಬಂಕ್‌ಗಳು. ಹೈದರ್ ಚಿದಂಬರಕ್ಕೆ ಎರಡೂವರೆ ದಿನದಲ್ಲಿ 100 ಮೈಲಿ ಸಾಗಿದ್ದು ಈ ಎತ್ತುಗಳಿಂದಲೇ ಅಂತ ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುತ್ತೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಈ ತಳಿಯನ್ನು ತಮ್ಮ ಸೈನ್ಯಕ್ಕೆ ಇಟ್ಟುಕೊಂಡರು.

ಕೊನೆಯ ಮಾತು. ಕಾರ್ನ್‌ವಾಲಿಸನ ಹೆಸರು ಪಠ್ಯಪುಸ್ತಕದಲ್ಲಿ ಉಳಿಯಿತು. ಅವನಿಗೆ ಅನ್ನ ಹೊತ್ತು ತಂದವರು? ರಸ್ತೆ, ರೈಲು ಬಂದ ಮೇಲೆ ಹೇರೆತ್ತುಗಳ ಕೆಲಸ ಹೋಯಿತು. 1871ರ ಅಪರಾಧಿ ಬುಡಕಟ್ಟು ಕಾಯ್ದೆಯ ನಂತರ ಬಂಜಾರರ ಹಲವು ಗುಂಪುಗಳಿಗೆ 'ಹುಟ್ಟು ಅಪರಾಧಿಗಳು' ಅನ್ನೋ ಹಣೆಪಟ್ಟಿ ಬಿತ್ತು. ಸ್ವಾತಂತ್ರ್ಯ ಬಂದು, 1952ರಲ್ಲಿ ಆ ಕಾಯ್ದೆ ರದ್ದಾಗುವವರೆಗೂ ಅದು ಅಂಟಿಕೊಂಡೇ ಇತ್ತು. ದೇಶದ ದಾರಿಗಳೆಲ್ಲ ಬಾಯಿಪಾಠ ಇದ್ದವರು ಊರು ದಾಟೋಕೆ ಪೊಲೀಸರ ಅಪ್ಪಣೆ ಕೇಳಬೇಕಾಯ್ತು.

ಕರೀಘಟ್ಟದಿಂದ ಇಳಿಯುವಾಗ ನನ್ನ ತಲೆಯಲ್ಲಿ ಇದ್ದದ್ದು ಇದೇ. ಫಿರಂಗಿ ಎಣಿಸಿ ಇತಿಹಾಸ ಬರೆದವರು ಬಹಳ, ಎತ್ತು ಎಣಿಸಿದವರು ಕಮ್ಮಿ. ನಿಮ್ಮೂರಿನ ಹತ್ತಿರ ಅಮೃತ ಮಹಲ್ ಕಾವಲು ಇದ್ದರೆ, ತಾಂಡಾದ ಅಜ್ಜ ಅಜ್ಜಿಯರು ಹೇರೆತ್ತಿನ ಕಾಲದ ಕಥೆ ಹೇಳಿದ್ದರೆ, ದಯವಿಟ್ಟು ನೀವೂ ಬರೆಯಿರಿ. ಓದೋಕೆ ಕಾಯ್ತಿರ್ತೀನಿ...